ವೆಲ್ಡಿಂಗ್ ಮಾಡೋಕೇನೋ ನಿನ್ನ ಓದಿಸಿದ್ದು?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಾ ಕೂತಿದ್ದೆ. ಅಪ್ಪನ ವಿಡಿಯೋ ಕಾಲ್ ಬಂತು. ಕೈಯಲ್ಲಿ ದಪ್ಪ ಗ್ಲೌಸ್. ಹೆಲ್ಮೆಟ್ ಮೇಲೆತ್ತಿ, ಮೂಗಿನ ತುದಿಯಲ್ಲೇ ಫೋನ್ ಒತ್ತಿದೆ.

"ಏನೋ ಇದು ಅವತಾರ?"

"ಟ್ರ್ಯಾಕ್ಟರಿಗೆ ಮರ ಎತ್ತೋ ಕೊಕ್ಕೆ ಮಾಡ್ತಿದೀನಪ್ಪ. ಮುಂದುಗಡೆ ಇರೋ ಲೋಡರಿಗೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲಿ ಮಾಡಿಕೊಡೋರು ಯಾರೂ ಸಿಗಲ್ವೇನೋ? ವೆಲ್ಡಿಂಗ್ ಮಾಡೋಕೇನೋ ನಿನ್ನ ಇಂಜಿನಿಯರಿಂಗ್ ಓದಿಸಿದ್ದು?"

ತಮಾಷೆಗೆ ಅಂದಿದ್ದಲ್ಲ. ಹಿಂದಿನಿಂದ ಅಮ್ಮ "ಕಣ್ಣು ಹುಷಾರು ಕಣೋ" ಅಂದಿದ್ದೂ ಕೇಳಿಸಿತು. ಕಾಲ್ ಮುಗಿದ ಮೇಲೆ ಹೆಲ್ಮೆಟ್ ಇಳಿಸಿದೆ, ಆದರೆ ಕೈ ಓಡಲಿಲ್ಲ. ಯಾಕೆಂದರೆ ನಾನು ಓದಿದ್ದು ಮೆಕ್ಯಾನಿಕಲ್. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿಯೂ ಒಂದು ನೆಟ್ಟಗಿನ ಬೆಸುಗೆ ಹಾಕಲು ಬರುತ್ತಿರಲಿಲ್ಲ. ಫಿಟ್ಟಿಂಗ್ ಲ್ಯಾಬಿನಲ್ಲಿ ಕೊಟ್ಟ ಕಬ್ಬಿಣದ ತುಂಡನ್ನು ಅಟೆಂಡರಿಗೆ 50 ರೂಪಾಯಿ ಕೊಟ್ಟು ಉಜ್ಜಿಸಿಕೊಂಡ ಬ್ಯಾಚು ನಮ್ಮದು. ಅಪ್ಪ ಕೇಳಿದ ಪ್ರಶ್ನೆಯನ್ನು ನಿಜವಾಗಿ ತಿರುಗಿಸಿ ಕೇಳಬೇಕಿತ್ತು, ಅಲ್ವಾ?

ನಾನಿರುವುದು ಪೆನ್ಸಿಲ್ವೇನಿಯಾದ ಹಳ್ಳಿಗಾಡು. ಕೆಲಸ ಸಾಫ್ಟ್‌ವೇರಿನದು, ಜಾಗ ಆರು ಎಕರೆ. ಅದರಲ್ಲಿ ಅರ್ಧ ಆಶ್ ಮರಗಳು. ಆ ಅರ್ಧದಲ್ಲಿ ಮುಕ್ಕಾಲು ಪಾಲು ಸತ್ತು ನಿಂತಿವೆ. ನಮ್ಮ ಕಡೆ ತೆಂಗಿಗೆ ಕಪ್ಪುತಲೆ ಹುಳ ಬಿದ್ದ ಹಾಗೆ ಇಲ್ಲಿ ಆಶ್ ಮರಕ್ಕೆ ಒಂದು ಹಸಿರು ದುಂಬಿ. ಏಷ್ಯಾದಿಂದ ಬಂದದ್ದು. 2002ರಲ್ಲಿ ಮಿಷಿಗನ್ನಿನಲ್ಲಿ ಮೊದಲು ಕಂಡಿತಂತೆ, 2007ಕ್ಕೆ ನಮ್ಮ ರಾಜ್ಯಕ್ಕೆ ಬಂತು. ಅದರ ಮರಿಹುಳ ತೊಗಟೆಯ ಒಳಗೆ ಸುರಂಗ ಕೊರೆದು ಮರ ನೀರು ಕುಡಿಯದಂತೆ ಮಾಡುತ್ತದೆ. ಸತ್ತ ಆಶ್ ಬೇಗ ಟೊಳ್ಳಾಗುತ್ತದೆ, ಯಾವಾಗ ಬೀಳುತ್ತದೋ ಹೇಳಲಾಗದು. ಬಿದ್ದ ಮೇಲೆ ಎತ್ತಿ ಸಾಗಿಸಬೇಕು. ಅದಕ್ಕೇ 25 ಎಚ್‌ಪಿಯ ಒಂದು ಹಳೇ ಸಣ್ಣ ಟ್ರ್ಯಾಕ್ಟರ್ ಕೊಂಡೆ, ಮುಂದೆ ಲೋಡರ್ ಇರುವುದು. ಅಂದರೆ ಎರಡು ತೋಳು, ತುದಿಗೆ ಬಕೆಟ್. ಊರಿನಲ್ಲಿ ಟ್ರ್ಯಾಕ್ಟರಿನ ಕೆಲಸವೆಲ್ಲ ಹಿಂದೆ. ನೇಗಿಲು, ಕಲ್ಟಿವೇಟರ್, ರೋಟವೇಟರ್, ಟ್ರೇಲರ್ ಎಲ್ಲ ಬೆನ್ನಿಗೆ. ಇಲ್ಲಿನವರಿಗೆ ಅರ್ಧ ಬದುಕು ಮುಂದೆ.

ಬಕೆಟ್ಟಿನಲ್ಲಿ ಮಣ್ಣು, ಗೊಬ್ಬರ, ಹಿಮ ಎತ್ತಬಹುದು. ದಿಮ್ಮಿ ಎತ್ತಲು ಬರುವುದಿಲ್ಲ, ಉರುಳಿ ಹೋಗುತ್ತದೆ. ಹೊಸ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಕೇಳಿದರೆ ಮರ ಅಲ್ಲೇ ಕೊಳೆಯಲಿ ಅನಿಸುತ್ತದೆ. ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಪಕ್ಕದ ಜಮೀನಿನ ಅಜ್ಜ ನನ್ನನ್ನು ಕರೆದುಕೊಂಡು ಹೋಗಿ ತನ್ನ ಶೆಡ್ ತೋರಿಸಿದ.

ಅವನು ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವನು. ಶೆಡ್ಡಿನ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಸಾಮಾನೆಲ್ಲ ಅವನೇ ಮಾಡಿದ್ದು. ಹುಲ್ಲಿನ ಉಂಡೆ ಚುಚ್ಚುವ ಈಟಿ. ಹಳೇ ಫೋರ್ಕ್‌ಲಿಫ್ಟಿನ ಎರಡು ಹಲ್ಲು. ಬೇರು ಕೀಳುವ ಕಿರಿದಾದ ಬಕೆಟ್. ಹಳೇ ಮಂಚದ ಆಂಗಲ್ ಜೋಡಿಸಿ ಮಾಡಿದ ಒಂದು ಚೌಕಟ್ಟು, ಅದು ಸೊಪ್ಪು ಸದೆ ತಳ್ಳಲು ಮಾತ್ರ. "ಮಂಚದ ಕಬ್ಬಿಣ ಗಡುಸು, ಬೆಸುಗೆ ಪಕ್ಕದಲ್ಲೇ ಬಿರುಕು ಬಿಡುತ್ತೆ, ಭಾರ ಬೀಳೋ ಕಡೆ ಹಾಕಬೇಡ" ಅಂದ. ಇಂಥ ಮಾತು ನನ್ನ ನಾಲ್ಕು ವರ್ಷದ ನೋಟ್ಸಿನಲ್ಲಿ ಇರಲಿಲ್ಲ.

ಇದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಲು ಸಾಧ್ಯವಾಗಿರುವುದು ಒಂದು ತಗಡಿನಿಂದ. ಲೋಡರಿನ ತುದಿಗೆ ಬಕೆಟ್ ಬದಲು ಬೇರೆ ಸಾಮಾನನ್ನು ಬೇಗ ಸಿಕ್ಕಿಸಲು ಇರುವುದು. ಅದಕ್ಕೆ ಇಲ್ಲಿ ಕ್ವಿಕ್ ಅಟ್ಯಾಚ್ ಪ್ಲೇಟ್ ಅನ್ನುತ್ತಾರೆ. ಬರೀ ಪ್ಲೇಟ್ ಬೇರೆಯಾಗಿ ಮಾರುತ್ತಾರೆ. ಅದರ ಮೇಲೆ ನಿನಗೆ ಬೇಕಾದ್ದನ್ನು ಬೆಸೆದುಕೋ. ಹಾಕುವ ರೀತಿ ನೋಡಿ: ಲೋಡರಿನ ಮೂತಿಯನ್ನು ಮುಂದಕ್ಕೆ ಬಗ್ಗಿಸಿ, ಪ್ಲೇಟಿನ ಮೇಲಂಚಿನ ತುಟಿಯ ಕೆಳಗೆ ತೂರಿಸಬೇಕು. ಮೆಲ್ಲಗೆ ಎತ್ತಿ ಹಿಂದಕ್ಕೆ ಮಡಚಿದರೆ ಪ್ಲೇಟು ತಾನಾಗಿ ಬಂದು ಒರಗುತ್ತದೆ. ಇಳಿದು ಹೋಗಿ ಎರಡು ಹಿಡಿಗಳನ್ನು ಕೆಳಕ್ಕೆ ಒತ್ತಬೇಕು. ಪಿನ್ನುಗಳು ಕೆಳಗಿನ ತೂತಿನಲ್ಲಿ ಟಕ್ ಅಂತ ಕೂರುತ್ತವೆ. ಆಮೇಲೆ ಬಗ್ಗಿ, ಪಿನ್ನು ಆಚೆ ಬಂದಿದೆಯಾ ಅಂತ ಕಣ್ಣಾರೆ ನೋಡಬೇಕು. ಎರಡೇ ನಿಮಿಷದ ಕೆಲಸ. ಅಳತೆಗೆ ಅಂತಾರಾಷ್ಟ್ರೀಯ ಮಾನದಂಡವೇ ಇದೆ, ಐಎಸ್ಒ 24410. ಕೆಲವು ಕಂಪನಿಗಳದ್ದು ಬೇರೆ ಥರದ ಕೊಂಡಿ, ಅದು ಬಿಡಿ. ಅಜ್ಜನ ಈಟಿ ನನ್ನ ಟ್ರ್ಯಾಕ್ಟರಿಗೆ ಕೂರುತ್ತದೆ, ನನ್ನ ಕೊಕ್ಕೆ ಅವನದಕ್ಕೆ ಕೂರುತ್ತದೆ.

ನನ್ನದು ದೊಡ್ಡ ಸಾಧನೆಯೇನಲ್ಲ. ಒಂದು ಪ್ಲೇಟು, ಅದರಿಂದ ಮುಂದಕ್ಕೆ ಮೂರಡಿ ಉದ್ದದ ಚೌಕದ ಪೈಪು, ತುದಿಗೆ ಸರಪಳಿ ಸಿಕ್ಕಿಸುವ ಕೊಕ್ಕೆ. ಮೊದಲ ಬೆಸುಗೆ ಪಾರಿವಾಳದ ಹಿಕ್ಕೆಯ ಹಾಗಿತ್ತು. ಬಣ್ಣ ಪೂರ್ತಿ ಉಜ್ಜಿರಲಿಲ್ಲ. ಅಜ್ಜ ಗ್ರೈಂಡರ್ ಕೈಗೆ ಕೊಟ್ಟು "ತೆಗಿ" ಅಂದ. ಮೂರು ಸಲ ತೆಗೆಸಿದ. ನಾಲ್ಕನೆಯದಕ್ಕೆ ಏನೂ ಹೇಳಲಿಲ್ಲ, ಕಾಫಿ ಕೊಟ್ಟ.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ತಿಪಟೂರು ರೋಡಿನಲ್ಲಿ ಅಪ್ಪ ಹೋಗುವ ವೆಲ್ಡಿಂಗ್ ಶಾಪ್ ಇದೆ. ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪ ಅಲ್ಲಿ ಸ್ಟೂಲಿನ ಮೇಲೆ ಕೂರುತ್ತಾರೆ. ಟೀ ಬರುತ್ತದೆ. "ಇಲ್ಲೊಂದು ಪಟ್ಟಿ ಕೊಡು, ಇಲ್ಲೊಂದು ಟಾಕ ಹಾಕು" ಅನ್ನುತ್ತಾರೆ. ಅಂಗಡಿಯವರು ಮುಖ ಪಕ್ಕಕ್ಕೆ ತಿರುಗಿಸಿ ಕಿಡಿ ಹಾರಿಸುತ್ತಾರೆ. ಅರ್ಧ ಗಂಟೆಗೆ ಕಲ್ಟಿವೇಟರ್ ರೆಡಿ. ಅಪ್ಪನಿಗೆ 40 ವರ್ಷ ಟ್ರ್ಯಾಕ್ಟರ್ ಗೊತ್ತು. ಗೇರಿನ ಸದ್ದು ಕೇಳಿ ರೋಗ ಹೇಳುತ್ತಾರೆ. ಆದರೆ ಒಂದು ದಿನ ವೆಲ್ಡಿಂಗ್ ಹಿಡಿಯನ್ನು ಮುಟ್ಟಿದವರಲ್ಲ. ಮುಟ್ಟಬಾರದು ಅಂತ ಯಾರೂ ಹೇಳಿಲ್ಲ, ಆದರೂ ಮುಟ್ಟುವುದಿಲ್ಲ. ಆ ವೆಲ್ಡರ್ ಅಪ್ಪನಿಗಿಂತ ಎರಡು ವರ್ಷ ದೊಡ್ಡವರು. ಊರಿನವರೆಲ್ಲ ಬಾರೋ ಹೋಗೋ ಅಂತಲೇ ಕರೆಯುವುದು. ಹೈಸ್ಕೂಲಿನಲ್ಲಿದ್ದಾಗ ನಾನೂ ಹಾಗೇ ಕೂಗಿದ್ದೇನೆ.

ನನಗೆ ತಡೆಯಲಾಗದ್ದು ಇದೇ. ಆಯುಧಪೂಜೆಗೆ ಸ್ಪ್ಯಾನರಿಗೂ ಕುಂಕುಮ ಹಚ್ಚುತ್ತೇವೆ, ಟ್ರ್ಯಾಕ್ಟರಿನ ಮುಂದೆ ಬೂದುಗುಂಬಳ ಒಡೆಯುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಮಿಕ್ಕ 364 ದಿನ ಆ ಸ್ಪ್ಯಾನರ್ ಹಿಡಿಯಲು ಇನ್ನೊಬ್ಬ ಬರಬೇಕು. ನಾಲ್ಕು ಅಕ್ಷರ ಕಲಿತರೆ ಮುಗಿಯಿತು, ಬಲ್ಬು ಬದಲಾಯಿಸಲೂ ಎಲೆಕ್ಟ್ರಿಷಿಯನ್. ಇಲ್ಲಿ ನಮ್ಮ ಹಲ್ಲಿನ ಡಾಕ್ಟರ್ ರಜೆಯಲ್ಲಿ ತನ್ನ ಟ್ರೇಲರಿನ ಅಚ್ಚು ತಾನೇ ಬಿಚ್ಚುತ್ತಾನೆ, ಉಗುರಲ್ಲಿ ಗ್ರೀಸು ಇಟ್ಟುಕೊಂಡೇ ಚರ್ಚಿಗೆ ಹೋಗುತ್ತಾನೆ. ಅವನ ಮರ್ಯಾದೆಯೇನೂ ಕಡಿಮೆಯಾಗಿಲ್ಲ.

ಅಪ್ಪನಿಗೆ ಇದನ್ನು ಹೇಳಿದೆ. "ಸರಿಯಪ್ಪ" ಅಂದರು. ಅವರ "ಸರಿಯಪ್ಪ"ಗೆ ಏನರ್ಥ ಅಂತ ನಮ್ಮ ಮನೆಯವರಿಗೆ ಗೊತ್ತು.

ಎರಡು ದಿನ ಬಿಟ್ಟು ಅವರಿಂದ ವಾಯ್ಸ್ ಮೆಸೇಜ್. ನಾನು ಕಳಿಸಿದ್ದ ಕೊಕ್ಕೆಯ ಫೋಟೋವನ್ನು ವೆಲ್ಡಿಂಗ್ ಶಾಪಿಗೆ ಒಯ್ದು ತೋರಿಸಿದ್ದಾರೆ. ಬೈದದ್ದೂ ಅವರೇ, ತೋರಿಸಿದ್ದೂ ಅವರೇ. "ಅವನು ಕೇಳ್ತಿದಾನೆ, ಹಿಂದೆ ತೂಕ ಏನು ಹಾಕಿದೀಯ ಅಂತ. ಟ್ರೇಲರಿಗೆ ಲೋಡು ಜಾಸ್ತಿಯಾದ್ರೆ ಮುಂದಿನ ಚಕ್ರ ಏಳುತ್ತಲ್ಲ, ಹಂಗೇ ಮುಂದೆ ಲೋಡು ಹಾಕಿದ್ರೆ ಹಿಂದಿನ ಚಕ್ರ ಏಳಲ್ವಾ ಅಂತಾನೆ."

ಲೋಡರನ್ನು ಹತ್ತಿರದಿಂದ ಕಂಡವರೇ ಅಲ್ಲ, ಇವರೇನು ಹೇಳೋದು ಅಂದುಕೊಂಡೆ. ಉತ್ತರ ಕೊಡಲಿಲ್ಲ.

ಆ ಶನಿವಾರ ಒಂದು ದಿಮ್ಮಿ ಎತ್ತಿದೆ. ಲೋಡರ್ ಎಷ್ಟು ತೂಕ ಎತ್ತುತ್ತದೆ ಅಂತ ಪುಸ್ತಕದಲ್ಲಿ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ತೋಳಿನ ತುದಿಯ ಪಿನ್ನಿನ ಬಳಿ ಅಳೆದದ್ದು. ನನ್ನ ಕೊಕ್ಕೆ ಅಲ್ಲಿಂದ ಮೂರಡಿ ಮುಂದೆ, ಅಷ್ಟು ದೂರದಲ್ಲಿ ಅದೇ ತೂಕ ಇನ್ನೂ ಭಾರ. ಸಾಲದ್ದಕ್ಕೆ ಪೈಪು, ಪ್ಲೇಟಿನ ತೂಕವೂ ಅದೇ ಲೆಕ್ಕಕ್ಕೆ. ಸ್ವಲ್ಪ ಇಳಿಜಾರು. ದಿಮ್ಮಿಯನ್ನು ಎದೆಯೆತ್ತರಕ್ಕೆ ಎತ್ತಿಕೊಂಡೇ ತಿರುಗಿಸಿದೆ. ಸೀಟು ಒಮ್ಮೆ ಹಗುರಾಯಿತು. ಎಡಗಡೆಯ ಹಿಂದಿನ ಚಕ್ರ ನೆಲ ಬಿಟ್ಟಿತ್ತು. ಈ ಟ್ರ್ಯಾಕ್ಟರುಗಳ ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತಕ್ಕಡಿಯ ಹಾಗೆ ಆಡುತ್ತದೆ. ಹಿಂದಿನ ಚಕ್ರ ಎದ್ದರೆ ಪಕ್ಕಕ್ಕೆ ಉರುಳುವುದನ್ನು ತಕ್ಷಣ ತಡೆಯಲು ಮುಂದೆ ಏನೂ ಇಲ್ಲ. ಬ್ರೇಕ್ ಒತ್ತಿ ಪ್ರಯೋಜನವಿಲ್ಲ, ಬ್ರೇಕ್ ಇರುವುದೇ ಹಿಂದಿನ ಚಕ್ರಕ್ಕೆ. ಕೈ ತಾನಾಗಿಯೇ ಲಿವರ್ ಮುಂದಕ್ಕೆ ತಳ್ಳಿತು. ದಿಮ್ಮಿ ಧೊಪ್ಪನೆ ನೆಲಕ್ಕೆ ಕೂತಿತು, ಚಕ್ರವೂ ಕೂತಿತು. ಬೆಲ್ಟು ಹಾಕಿದ್ದೆ, ತಲೆ ಮೇಲೆ ಕಬ್ಬಿಣದ ಕಮಾನು ಇತ್ತು, ಎಲ್ಲ ಸರಿ. ಆದರೂ ಹತ್ತು ನಿಮಿಷ ಇಳಿಯಲು ಕಾಲು ಬರಲಿಲ್ಲ.

ಮರುದಿನವೇ ನೀಲಿ ಡ್ರಮ್ ತಂದೆ. ಊರಲ್ಲಿ ನೀರು ಹಿಡಿದಿಡುತ್ತೀವಲ್ಲ, ಅದೇ 200 ಲೀಟರಿನದು. ಅಡ್ಡಕ್ಕೆ ಒಂದು ಸಲಾಕೆ ತೂರಿಸಿ, ಕಾಂಕ್ರೀಟ್ ಕಲಸಿ ತುಂಬಿದೆ. ಪೂರ್ತಿ ತುಂಬಿದರೆ ಹೆಚ್ಚುಕಡಿಮೆ 480 ಕೆಜಿ ಆಗುತ್ತದೆ. ನನ್ನ ಟ್ರ್ಯಾಕ್ಟರಿಗೆ ಅಷ್ಟು ಬೇಡ, ಮುಕ್ಕಾಲಿಗೆ ನಿಲ್ಲಿಸಿದೆ. ಈಗ ಅದು ಹಿಂದೆ ನೇಗಿಲಿನ ಜಾಗದಲ್ಲಿ ತೂಗುತ್ತಿದೆ. ಇಲ್ಲಿ ಹಿಂದಿನ ಟಯರಿನೊಳಗೆ ತೂಕಕ್ಕೆ ಅಂತ ಸಕ್ಕರೆ ಬೀಟಿನ ರಸ ತುಂಬಿಸುವವರೂ ಇದ್ದಾರೆ, ಚಳಿಗೆ ಬೇಗ ಹೆಪ್ಪುಗಟ್ಟುವುದಿಲ್ಲ ಅಂತ. ಅಮ್ಮನಿಗೆ ಹೇಳಿದೆ. "ಪಲ್ಯ ಮಾಡೋದು ಬಿಟ್ಟು ಟಯರಿಗೆ ಹಾಕ್ತಾರಾ?" ಅಂದರು.

ಡ್ರಮ್ ನೋಡಿ ಅಜ್ಜ ಒಂದು ಕಥೆ ಹೇಳಿದ. ಅಮೆರಿಕದವರ ಕೈಚಳಕದ ಹೆಮ್ಮೆಗೆ ಹೇಳಿದ್ದು. 1957ರಲ್ಲಿ ಮಿನ್ನೆಸೋಟದ ರಾಥ್ಸೇ ಅನ್ನುವ ಊರಲ್ಲಿ ಟರ್ಕಿ ಕೋಳಿ ಸಾಕುವ ಒಬ್ಬ ರೈತ. ಎರಡಂತಸ್ತಿನ ಕೊಟ್ಟಿಗೆ, ನಡುನಡುವೆ ಕಂಬ. ಗೊಬ್ಬರ ಬಾಚಲು ಒಳಗೆ ತಿರುಗುವಂಥ, ಮೇಲಂತಸ್ತಿನ ನೆಲ ತಡೆಯುವಂಥ ಹಗುರ ಯಂತ್ರ ಬೇಕಿತ್ತು. ಕೆಲ್ಲರ್ ಅಂತ ಅಣ್ಣತಮ್ಮಂದಿರಿಬ್ಬರು ಮೂರು ಚಕ್ರದ ಪುಟ್ಟ ಲೋಡರ್ ಮಾಡಿಕೊಟ್ಟರು. ಮುಂದೆ ಅದೇ ಬಾಬ್‌ಕ್ಯಾಟ್ ಅನ್ನುವ ಹೆಸರಾಂತ ಪುಟ್ಟ ಲೋಡರ್ ಆಯಿತು. ನಾನು ಮಾತುಮಾತಿಗೆ ಹೊಗಳುವ ಕ್ವಿಕ್ ಅಟ್ಯಾಚ್ ಪ್ಲೇಟೂ ಅದೇ ಮನೆತನದ್ದು.

ಒಳ್ಳೇ ಕಥೆ. ಆದರೆ ರಾತ್ರಿ ಮಲಗಿದಾಗ ಹೊಳೆಯಿತು. ಆ ಕೆಲ್ಲರ್ ಅಣ್ಣತಮ್ಮಂದಿರು ಏನಾಗಿದ್ದರು? ಊರಲ್ಲಿ ವೆಲ್ಡಿಂಗ್, ರಿಪೇರಿ ಅಂಗಡಿ ಇಟ್ಟುಕೊಂಡವರು. ರೈತ ತಾನೇ ಮಾಡಿಕೊಳ್ಳಲಿಲ್ಲ, ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡ. ಅಪ್ಪ ಸ್ಟೂಲಿನ ಮೇಲೆ ಕೂತು ಮಾಡುವುದೂ ಅದನ್ನೇ ಅಲ್ವಾ?

ಇನ್ನೂ ಒಂದೆರಡು ಒಪ್ಪಿಕೊಳ್ಳಬೇಕಿದೆ, ಒಪ್ಪಿಬಿಡುತ್ತೇನೆ. ಇಲ್ಲಿ ಜನ ತಾವೇ ಮಾಡಿಕೊಳ್ಳುವುದು ಶ್ರಮದ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ. ವೆಲ್ಡರನ್ನು ಮನೆಗೆ ಕರೆದರೆ ಜೇಬು ಖಾಲಿ. ಊರಲ್ಲಿ ಗುಂಡಿ ತೆಗೆಯಲು, ಬುಡ ಕೀಳಲು ಜೆಸಿಬಿಗೆ ಫೋನ್ ಮಾಡಿದರೆ ಗಂಟೆ ಲೆಕ್ಕದಲ್ಲಿ ಬರುತ್ತದೆ. ಅಂಥ ಕಡೆ ಲೋಡರ್ ಯಾಕೆ, ಕೊಕ್ಕೆ ಯಾಕೆ? ಇನ್ನು ನಮ್ಮವರು ಮಾಡುವುದೇ ಇಲ್ಲ ಅನ್ನುವುದಂತೂ ಸುಳ್ಳು. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೆಳಿಗ್ಗೆ ಬೇಗ ಏಳಲು ಮುಖಕ್ಕೆ ನೀರು ಸುರಿಯುವ ಅಲಾರಂ ಮಾಡಿಕೊಂಡು ಶುರುಮಾಡಿದವರು. ಹುಣಸೆಬೀಜ ಬೇರ್ಪಡಿಸುವ ಯಂತ್ರ, ಟ್ರ್ಯಾಕ್ಟರಿನ ಕೂರಿಗೆ ಅಂತ ಮುಂದುವರಿದು 2022ರಲ್ಲಿ ಪದ್ಮಶ್ರೀ ತಗೊಂಡರು. ಅವರ ಮುಂದೆ ನನ್ನ ಮೂರಡಿ ಪೈಪು ಯಾವ ಲೆಕ್ಕ?

ಆದರೂ ಅಂಗಡಿಯವರನ್ನು ಬಾರೋ ಹೋಗೋ ಅನ್ನುವ ವಿಷಯ ಮಾತ್ರ ಬಿಟ್ಟುಕೊಡುವುದಿಲ್ಲ. ಬಸ್ಸು ಓಡಿಸಿದ ಅಜ್ಜನಿಗೂ ಹಲ್ಲಿನ ಡಾಕ್ಟರಿಗೂ ಇಲ್ಲಿ ಒಂದೇ ಮಾತು, ಒಂದೇ ಕಾಫಿ.

ಹೋದ ವಾರ ಅಪ್ಪ ಮತ್ತೆ ಕಾಲ್ ಮಾಡಿದ್ದರು, ಅಂಗಡಿಯಿಂದಲೇ. ಫೋನನ್ನು ವೆಲ್ಡರ್ ಕೈಗೆ ಕೊಟ್ಟರು. ಏನೆಂದು ಕರೆಯಬೇಕೋ ತಿಳಿಯದೆ "ನಮಸ್ಕಾರ" ಅಂದೆ. ಚಕ್ರ ಎದ್ದದ್ದು ಹೇಳಿದೆ. ಅವರು ನಗಲಿಲ್ಲ. ಫೋನನ್ನು ಕೊಕ್ಕೆಯ ಹತ್ತಿರ ಹಿಡಿಯಲು ಹೇಳಿದರು. ಪೈಪು ಪ್ಲೇಟಿಗೆ ಸೇರುವ ಜಾಗ ನೋಡಿ, "ಆ ಮೂಲೆ ಕೆಳಗೆ ಒಂದು ಮೂರು ಮೂಲೆ ಪಟ್ಟಿ ಸಪೋರ್ಟ್ ಕೊಡಿ ಸಾರ್, ಎರಡೂ ಕಡೆ. ಇಲ್ದಿದ್ರೆ ಅಲ್ಲೇ ಕೀಳುತ್ತೆ" ಅಂದರು. ಆಮೇಲೆ ಸ್ವಲ್ಪ ತಡೆದು, "ಆ ಟೋಪಿ, ಕಿಡಿ ಹಾರಿದ ತಕ್ಷಣ ತಾನೇ ಕಪ್ಪಾಗುತ್ತಂತಲ್ಲ ಸಾರ್, ನಿಜವಾ?"

ನಿಜ ಅಂದೆ. ಹಾಕಿಕೊಂಡು ತೋರಿಸಿದೆ. ಅಪ್ಪ ಫೋನ್ ವಾಪಸ್ ತಗೊಂಡು "ಡಿಸೆಂಬರಿಗೆ ಬರ್ತಾ ಒಂದು ತಗೊಂಡು ಬಾ ಇವನಿಗೆ" ಅಂದರು. ಅಂಥದ್ದು ಅಲ್ಲೇ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಿದರೆ ವಾರದಲ್ಲಿ ಮನೆಗೆ ಬರುತ್ತದೆ. ಹೇಳಲಿಲ್ಲ. ತರ್ತೀನಿ ಅಂದೆ.