ಕರಿಯನ ಜೊಲ್ಲು

ಹೋದ ಮಳೆಗಾಲದ ಮಾತು. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಎರಡು ದಿನ ಮಳೆ ಬಿಟ್ಟಿತ್ತು ಅಂತ ಬೇಲಿಯಾಚೆಯ ಗದ್ದೆಯಲ್ಲಿ ಶುಂಠಿಗೆ ಔಷಧಿ ಹೊಡೆಯುತ್ತಿದ್ದರು. ಮಧ್ಯಾಹ್ನ ನಮ್ಮ ನಾಯಿ ಕರಿಯ ಆ ಕಡೆಯಿಂದ ಬಂದು ಜಗಲಿಯಲ್ಲಿ ಮಲಗಿದ, ಎಂದಿನಂತೆ ಕಾಲು ನೆಕ್ಕಿಕೊಂಡ. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯತೊಡಗಿತು. ತೊಡೆಯ ಮಾಂಸ ಪಟಪಟ ಅದುರುತ್ತಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಪಶು ಡಾಕ್ಟರು ಮೊದಲು ಕೇಳಿದ್ದೇ "ಹತ್ತಿರ ಎಲ್ಲಾದರೂ ಸ್ಪ್ರೇ ಮಾಡಿದ್ರಾ?" ಅಂತ. ಅಟ್ರೋಪಿನ್ ಕೊಟ್ಟರು, ಮೈಯನ್ನೆಲ್ಲ ಸೋಪು ಹಾಕಿ ತೊಳೆಸಿದರು. ರಾತ್ರಿ ಕರಿಯ ಎದ್ದು ನೀರು ಕುಡಿದ.

ನನಗೆ ಮಾತ್ರ ನಿದ್ದೆ ಬರಲಿಲ್ಲ. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್‌ನಂಥ ಕೀಟನಾಶಕಗಳು ನಾಯಿಯ ನರಕ್ಕೆ ಏನು ಮಾಡುತ್ತವೋ ಮನುಷ್ಯರ ನರಕ್ಕೂ ಅದನ್ನೇ ಮಾಡುತ್ತವೆ. ಕೊಡುವ ಮದ್ದೂ ಅದೇ ಅಟ್ರೋಪಿನ್. ಕರಿಯ ಆ ಗದ್ದೆಯನ್ನು ಒಂದು ಸಲ ದಾಟಿದ್ದ, ಅಷ್ಟೇ. ಬೆನ್ನಿಗೆ ಕ್ಯಾನ್ ಹೊತ್ತು ಬರಿಗಾಲಲ್ಲಿ ದಿನವಿಡೀ ಅಲ್ಲೇ ಓಡಾಡಿದವರ ಗತಿ ಏನು?

ಮರುದಿನ ತೋಟದ ಕೆಲಸದವರ ಲೈನ್‌ಮನೆಗೆ ಹೋಗಿ ಆ ಕೆಲಸಕ್ಕೆ ಹೋಗುವವಳನ್ನು ವಿಚಾರಿಸಿದೆ. "ಔಷಧಿ ಹೊಡೆದ ದಿನ ತಲೆ ಸುತ್ತುತ್ತೆ, ವಾಂತಿ ಬರುತ್ತೆ ಅಕ್ಕಾ. ಪಿತ್ತ ಅಂದ್ಕೊಂಡಿದ್ದೆ" ಅಂದಳು. ನನ್ನ ನಾಯಿಗೆ ಕೇಳಿದ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ಜಪಾನಿನ ಮಿನಮಾಟಾದಲ್ಲೂ ಮೊದಲು ತೂರಾಡಿ ಬಿದ್ದದ್ದು ಬೆಕ್ಕುಗಳೇ. 1950ರ ದಶಕದಲ್ಲಿ ಕೊಲ್ಲಿಯ ಮೀನು ತಿಂದ ಬೆಕ್ಕುಗಳು ಕುಣಿದ ಹಾಗೆ ಸುತ್ತಿ ಸುತ್ತಿ ಸತ್ತವು. 1956ರಲ್ಲಿ ಮಕ್ಕಳು ಆಸ್ಪತ್ರೆ ಸೇರಿದರು. ಕಾರ್ಖಾನೆಯಿಂದ ಬಂದ ಪಾದರಸವೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ! ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2004ರಲ್ಲಿ ಸ್ಕಾಟಿಷ್ ಟೆರಿಯರ್ ನಾಯಿಗಳನ್ನು ನೋಡಿದರು. ಕೆಲವು ಬಗೆಯ ಕಳೆನಾಶಕ ಹೊಡೆದ ಹುಲ್ಲಿನಲ್ಲಿ ಓಡಾಡಿದವಕ್ಕೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ನಾಲ್ಕು ಪಟ್ಟು ಜಾಸ್ತಿ ಇತ್ತು. ನಾವೂ ಬಳಸುವ 2,4-ಡಿ ಆ ಗುಂಪಿನದ್ದೇ.

ನಾಯಿ ಬೆಕ್ಕುಗಳು ನಮ್ಮದೇ ನೆಲದ ಮೇಲೆ ಮಲಗುತ್ತವೆ, ನಮ್ಮದೇ ಬಾವಿ ನೀರು ಕುಡಿಯುತ್ತವೆ. ಮೈಗಂಟಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತೆ. ಅಂಬೆಗಾಲಿಡುವ ಮಗುವೂ ಅದೇ ನೆಲ ಮುಟ್ಟಿ ಕೈ ಬಾಯಿಗಿಡುತ್ತೆ ಅಲ್ವಾ? ನಾಯಿ ಬೆಕ್ಕುಗಳ ಆಯಸ್ಸು ಕಡಿಮೆ. ನಮ್ಮಲ್ಲಿ ಇಪ್ಪತ್ತು ವರ್ಷಕ್ಕೆ ಕಾಣುವ ಕಾಯಿಲೆ ಅವಕ್ಕೆ ಕೆಲವೇ ವರ್ಷದಲ್ಲಿ ಕಾಣಿಸಿಕೊಳ್ಳಬಹುದು.

ಶಿವಮೊಗ್ಗ ಕಡೆ ಕಾಡಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆ ಎಚ್ಚರವಾಗುತ್ತೆ. 1957ರಲ್ಲಿ ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ಕಲಿಸಿದ್ದು ಅದು. ಹಾಗಿದ್ದರೆ ಪಶು ಆಸ್ಪತ್ರೆಯಲ್ಲಿ ಒಂದೇ ವಾರ ಮೂರು ನಾಯಿಗೆ ವಿಷದ ಚಿಕಿತ್ಸೆ ಆದರೆ ಆ ಸುದ್ದಿ ಊರಿನ ಆರೋಗ್ಯ ಕೇಂದ್ರಕ್ಕೆ ಯಾಕೆ ಹೋಗಬಾರದು? ಒಂದು ಫೋನ್ ಸಾಕು. ಆಶಾ ಕಾರ್ಯಕರ್ತೆ ಲೈನ್‌ಮನೆಗೆ ಹೋದಾಗ ಕೇಳಲಿ. ನಾವೂ ಸುಮ್ನೆ ಕೂರೋದು ಬೇಡ. ನಾಯಿ ಹುಷಾರು ತಪ್ಪಿದ ದಿನ, ಪಕ್ಕದಲ್ಲಿ ಹೊಡೆದ ಔಷಧಿಯ ಹೆಸರು, ಎರಡನ್ನೂ ಬರೆದಿಡಿ. ನಾನು ಕಾಫಿ ಲೆಕ್ಕದ ಹಳೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ಈಗ ಸ್ಪ್ರೇಯ ಹಿಂದಿನ ದಿನವೇ ಅವಳು ಬೇಲಿ ಹತ್ತಿರ ಬಂದು "ನಾಳೆ ಕರಿಯನ್ನ ಕಟ್ಟಿ ಹಾಕಿ ಅಕ್ಕಾ" ಅಂತ ಹೇಳಿ ಹೋಗುತ್ತಾಳೆ. ಅವಳಿಗೆ ಗಂಬೂಟು, ಕೈಗವಸು ಇನ್ನೂ ಕೊಟ್ಟಿಲ್ಲ.