ತಿರುಪುಳಿಯ ಚಪಲ

ಕಳೆದ ಶನಿವಾರ ಒಬ್ಬ ಮಹಾಶಯರು ಕೋಬ್ರಾ 148 ಜಿಟಿಎಲ್ ರೇಡಿಯೊವೊಂದನ್ನು ನನ್ನ ಗ್ಯಾರೇಜಿನ ಮೇಜಿನ ಮೇಲಿಟ್ಟು, "ಇದನ್ನು ಯಾರೂ ಮುಟ್ಟಿಲ್ಲ, ತಾನಾಗಿಯೇ ನಿಂತುಹೋಯಿತು" ಎಂದರು. ಮುಚ್ಚಳದ ಮೂರು ಸ್ಕ್ರೂಗಳು ಇರಲೇ ಇಲ್ಲ. ಇದ್ದವುಗಳಲ್ಲಿ ಎರಡರ ತಲೆ ಸವೆದು ನುಣ್ಣಗಾಗಿತ್ತು. ಯಾರೂ ಮುಟ್ಟದ ರೇಡಿಯೊದ ಲಕ್ಷಣ ಇದೇ ಎಂದಾದರೆ ಮುಟ್ಟಿದ ರೇಡಿಯೊ ಹೇಗಿರುತ್ತದೋ ದೇವರೇ ಬಲ್ಲ.

ಅಮೆರಿಕದಲ್ಲಿ ನೆಲೆಸಿರುವ ನಾನು ಬಿಡುವಿನ ಸಂಜೆಗಳಲ್ಲಿ ಹಳೆಯ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊಗಳನ್ನು ರಿಪೇರಿ ಮಾಡುತ್ತೇನೆ, ಕೆಲವನ್ನು ಸರಿಪಡಿಸಿ ಮಾರುತ್ತೇನೆ. 27 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಸಾಮಾನ್ಯ ಜನರೂ ಮಾತಾಡಿಕೊಳ್ಳಬಹುದಾದ ಈ ರೇಡಿಯೊಗಳು 1973ರ ತೈಲ ಬಿಕ್ಕಟ್ಟಿನ ನಂತರ ಇಲ್ಲಿನ ಲಾರಿ ಚಾಲಕರ ಕೈಸೇರಿ, ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ಹೊಂಚುಹಾಕಿದ್ದಾರೆ ಎಂಬ ಸುದ್ದಿಯನ್ನು ಹೆದ್ದಾರಿಯುದ್ದಕ್ಕೂ ಹಬ್ಬಿಸಿದವು. 1977ರಲ್ಲಿ ಚಾನೆಲ್‌ಗಳು 23ರಿಂದ 40ಕ್ಕೆ ಏರಿದವು. ಆ ಕಾಲದ, ಅದರ ನಂತರದ ದಶಕದ ಸೆಟ್ಟುಗಳೇ ಇಂದು ನನ್ನ ಮೇಜಿಗೆ ಬರುವುದು. ಅವುಗಳನ್ನು ಕಾಲ ಕೆಡಿಸಿದ್ದರೆ ನನಗೆ ಬೇಸರವಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ನಲವತ್ತು ವರ್ಷಗಳಲ್ಲಿ ಒಣಗುವುದು ಸಹಜ, ಬದಲಾಯಿಸಿದರಾಯಿತು. ನನ್ನ ಕೋಪವೆಲ್ಲ ತಿರುಪುಳಿ ಹಿಡಿದ ಮನುಷ್ಯರ ಮೇಲೆ.

ಮುಚ್ಚಳ ತೆಗೆದು ನೋಡಿದೆ. ಈ ರೇಡಿಯೊದ ಬೋರ್ಡಿನ ಮೇಲೆ ಸಾಲಾಗಿ ಪುಟ್ಟ ಲೋಹದ ಡಬ್ಬಿಗಳಿರುತ್ತವೆ, ಪ್ರತಿಯೊಂದರೊಳಗೂ ಒಂದು ಕಾಯಿಲ್, ಅದರ ನಡುವೆ ಬಳಪದಷ್ಟೇ ಸುಲಭವಾಗಿ ಮುರಿಯುವ ಫೆರೈಟ್ ಕೋರ್, ಅಂದರೆ ಕಾಯಿಲನ್ನು ಟ್ಯೂನ್ ಮಾಡುವ ತಿರುಪು. ಅದನ್ನು ಪ್ಲಾಸ್ಟಿಕ್ ಉಪಕರಣದಿಂದ, ಮೀಟರ್ ನೋಡಿಕೊಂಡು, ಕೂದಲೆಳೆಯಷ್ಟು ತಿರುಗಿಸಬೇಕು. ಕಬ್ಬಿಣದ ತಿರುಪುಳಿ ತಾಗಿಸಿದರೆ ಆ ಲೋಹದಿಂದಲೇ ಟ್ಯೂನಿಂಗ್ ತಪ್ಪುತ್ತದೆ, ಬಲವಾಗಿ ತಿರುಗಿಸಿದರೆ ಕೋರ್ ಸೀಳುತ್ತದೆ. ಇಲ್ಲಿ ಮೂರು ಕೋರ್‌ಗಳು ಸೀಳಿದ್ದವು, ಒಂದು ಡಬ್ಬಿಯೊಳಗೆ ಬರೀ ಕಪ್ಪು ಪುಡಿ ಉಳಿದಿತ್ತು. ಸಾಲದ್ದಕ್ಕೆ, ಮಾಡ್ಯುಲೇಶನ್, ಅಂದರೆ ರೇಡಿಯೊ ಅಲೆಯ ಮೇಲೆ ದನಿಯನ್ನು ಹೇರುವ ಪ್ರಮಾಣ, ಮಿತಿಮೀರದಂತೆ ತಡೆಯುವ ಟ್ರಾನ್ಸಿಸ್ಟರ್‌ನ ಕಾಲುಗಳನ್ನೇ ಯಾರೋ ಕತ್ತರಿಸಿದ್ದರು. ಹಾಗೆ ಮಾಡಿದರೆ ದನಿ ಜೋರಾಗುತ್ತದೆ ಎಂಬ ನಂಬಿಕೆ ಇವರಲ್ಲಿ ಬೇರೂರಿದೆ. ಜೋರಾಗುವುದೇನೋ ನಿಜ, ಆದರೆ ಆ ದನಿ ಒಡೆದು, ಅಕ್ಕಪಕ್ಕದ ಚಾನೆಲ್‌ಗಳಲ್ಲಿ ಮಾತಾಡುವವರ ಕಿವಿಗೂ ರಾಚುತ್ತದೆ.

ಇಷ್ಟೆಲ್ಲ ಯಾತಕ್ಕೆ? ಪವರ್ ಹೆಚ್ಚಿಸಲು! ಎಎಂನಲ್ಲಿ ಕಾನೂನು ಒಪ್ಪುವುದು 4 ವ್ಯಾಟ್. ಅದನ್ನು 8 ವ್ಯಾಟ್‌ಗೆ ಏರಿಸಿದರೂ ಸಿಗುವ ಹೆಚ್ಚಳ ಬರೀ 3 ಡೆಸಿಬಲ್, ಅಂದರೆ ಕೇಳುವವರ ರೇಡಿಯೊದಲ್ಲಿ ಸಿಗ್ನಲ್‌ನ ಬಲ ತೋರಿಸುವ ಎಸ್-ಮೀಟರ್‌ನ ಮುಳ್ಳು ಅರ್ಧ ಗೆರೆಯಷ್ಟು ಅಲುಗಿದರೆ ಹೆಚ್ಚು. ಈ ಲೆಕ್ಕವನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ ನೆನಪಿಲ್ಲ. ಆಂಟೆನಾ ಸರಿಪಡಿಸಿಕೊಳ್ಳಿ, ಒಂಬತ್ತು ಅಡಿಯ ಕಡ್ಡಿಯನ್ನು ಗಾಡಿಗೆ ಸರಿಯಾಗಿ ಅರ್ಥ್ ಆಗುವಂತೆ ನಿಲ್ಲಿಸಿ ಎಂದರೆ ಮುಖ ಕಿವುಚುತ್ತಾರೆ. ತಿರುಪುಳಿಯಲ್ಲಿ ಸಿಗುವ ಸುಖ ಆಂಟೆನಾ ಕಟ್ಟುವುದರಲ್ಲಿ ಇಲ್ಲವೆಂದು ಕಾಣುತ್ತದೆ.

ಬಿಡಿಭಾಗಗಳ ಕಥೆ ಇನ್ನೊಂದು ಗೋಳು. ಈ ಸೆಟ್ಟಿನಲ್ಲಿ ಆಂಟೆನಾಗೆ ಪವರ್ ಕಳಿಸುವ ಕೊನೆಯ ಹಂತದಲ್ಲಿರುವ 2ಎಸ್‌ಸಿ1969 ಟ್ರಾನ್ಸಿಸ್ಟರ್ ತಯಾರಿಸುವುದನ್ನು ಮಿತ್ಸುಬಿಷಿ ನಿಲ್ಲಿಸಿ ಎಷ್ಟೋ ವರ್ಷಗಳಾದವು. ಅಗ್ಗದ ಬೇರೆ ಟ್ರಾನ್ಸಿಸ್ಟರ್ ಮೇಲೆ ಇದೇ ಹೆಸರು ಅಚ್ಚೊತ್ತಿ ಮಾರುವವರಿಗೆ ಮಾತ್ರ ಬರವಿಲ್ಲ. ಮೊದಲು ತರಿಸಿದ್ದು ಮೈಕ್ ಒತ್ತಿದ ಕ್ಷಣದಲ್ಲೇ ಸುಟ್ಟುಹೋಯಿತು. ಅದರ ದುಡ್ಡನ್ನು ನಾನು ಗಿರಾಕಿಯ ಬಿಲ್ಲಿಗೆ ಸೇರಿಸಲಿಲ್ಲ. ಆ ಒಳ್ಳೆಯತನಕ್ಕೆ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

ಎರಡು ಸಂಜೆಗಳ ಕೆಲಸ, ಹಾಳಾದ ಬೇರೊಂದು ಬೋರ್ಡಿನಿಂದ ಬಿಡಿಸಿ ತಂದ ಕಾಯಿಲ್‌ಗಳು, ಅಸಲಿ ಟ್ರಾನ್ಸಿಸ್ಟರ್, ಹೊಸ ಕೆಪಾಸಿಟರ್‌ಗಳು ಎಲ್ಲ ಸೇರಿ ನಾನು ಕೇಳಿದ್ದು 140 ಡಾಲರ್. "ಇದೇ ರೇಡಿಯೊ, ಕೆಲಸ ಮಾಡುವಂಥದ್ದು, ಆನ್‌ಲೈನ್‌ನಲ್ಲಿ ನೂರಕ್ಕೇ ಸಿಗುತ್ತದೆ" ಎಂದರು ಮಹಾಶಯರು. ಆ "ಕೆಲಸ ಮಾಡುವ" ರೇಡಿಯೊಗಳನ್ನು ನಾನೂ ಕೊಂಡು ಬಲ್ಲೆ. ಸ್ವಿಚ್ ಹಾಕಿದರೆ ಡಯಲ್ಲಿನ ದೀಪ ಹೊತ್ತುತ್ತದೆ. ಮಾರುವವರ ಪಾಲಿಗೆ ಕೆಲಸ ಎಂದರೆ ಅಷ್ಟೇ. ಮಾತು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಕೊನೆಗೆ ಅವರು ಗೊಣಗುತ್ತಲೇ ದುಡ್ಡು ಕೊಟ್ಟರು. ಸರಿಪಡಿಸಿದ ಕೋರ್‌ಗಳು ಲಾರಿಯ ಕುಲುಕಾಟಕ್ಕೆ ಅಲುಗದಿರಲೆಂದು ನಾನು ಪ್ರತಿಯೊಂದರ ತಲೆಯ ಮೇಲೂ ಒಂದೊಂದು ಹನಿ ಮೇಣ ಬಿಟ್ಟಿದ್ದೆ. ಮುಚ್ಚಳ ಹಾಕುವ ಮುನ್ನ ಅವರು ಬಗ್ಗಿ ನೋಡಿ, ಈ ಮೇಣ ಏಕೆ ಹಾಕಿದಿರಿ, ಮುಂದೆ ನಾನೇ ಸ್ವಲ್ಪ ತಿರುಗಿಸಿಕೊಳ್ಳಬೇಕೆಂದರೆ ತೊಂದರೆಯಾಗುತ್ತದಲ್ಲ ಎಂದು ಕೇಳಿದರು.