ಗಾಳಿ ಕೋವಿ ಕೈಬಿಟ್ಟ ಜನರಲ್‌ಗಳು ದಡ್ಡರೇನಲ್ಲ

ಹಳೇ ಬಂದೂಕುಗಳ ಹುಚ್ಚಿರುವವರ ನಡುವೆ ಈ ಮಾತು ಆಗಾಗ ಬರುತ್ತದೆ. 1780ರ ಹೊತ್ತಿಗೇ ಆಸ್ಟ್ರಿಯಾ ಸೈನ್ಯದ ಹತ್ತಿರ ಒಂದೇ ಸಮನೆ ಇಪ್ಪತ್ತು ಗುಂಡು ಹೊಡೆಯುವ ಗಾಳಿ ಕೋವಿ ಇತ್ತು, ತಲೆಯಿಲ್ಲದ ಜನರಲ್‌ಗಳು ಅದನ್ನು ಮೂಲೆಗೆ ಎಸೆದರು ಅಂತ. ಮೊದಲರ್ಧ ನಿಜ. ಎರಡನೇ ಅರ್ಧಕ್ಕೆ ನನ್ನ ತಕರಾರಿದೆ.

ಗಾಳಿ ಕೋವಿ ಅಂದ ಕೂಡಲೇ ಜಾತ್ರೆಯಲ್ಲಿ ಬಲೂನು ಒಡೆಯೋ ಏರ್‌ಗನ್ ನೆನಪಾಗುತ್ತೆ ಅಲ್ವಾ? ಇದು ಆ ಜಾತಿಯದಲ್ಲ. ಆಗಿನ ಆಸ್ಟ್ರಿಯಾದ ಟಿರೋಲ್ ಸೀಮೆಯ ಬಾರ್ತಲೋಮಿಯೋ ಜಿರಾರ್ಡೋನಿ ಮಾಡಿದ್ದು. ಮೂಲತಃ ಗಡಿಯಾರದ ಕೆಲಸದವನು, ಕೋವಿ ನೋಡಿದರೇ ಅದು ಗೊತ್ತಾಗುತ್ತದೆ. ಸುಮಾರು ನಾಲ್ಕು ಅಡಿ ಉದ್ದ, ನಾಲ್ಕೂವರೆ ಕೆಜಿ ತೂಕ. ಹೆಗಲಿಗೆ ಆನಿಸುವ ಕಡೆ ಮರದ ಬದಲು ಕಬ್ಬಿಣದ ಟೊಳ್ಳು ಬುಡ್ಡಿ. ಗಾಳಿ ತುಂಬೋದು ಅದಕ್ಕೇ. ನಳಿಗೆಯ ಪಕ್ಕದಲ್ಲಿ ಒಂದು ಕೊಳವೆ, ಅದರೊಳಗೆ ಸೀಸದ ಗುಂಡುಗಳ ಸಾಲು. ಮೂತಿ ಮೇಲೆತ್ತಿ ಪಕ್ಕದ ಲೋಹದ ತುಂಡನ್ನು ಬೆರಳಿನಿಂದ ಒತ್ತಿದರೆ ಒಂದು ಗುಂಡು ಅದರ ತೂತಿಗೆ ಉರುಳುತ್ತದೆ. ಬೆರಳು ಬಿಟ್ಟರೆ ಸ್ಪ್ರಿಂಗು ಅದನ್ನು ನಳಿಗೆಯ ಹಿಂದಕ್ಕೆ ತಳ್ಳಿ ನಿಲ್ಲಿಸುತ್ತದೆ. ಕೋವಿಯ ಕುದುರೆ ಎಳೆದು ಹೊಡೆಯೋದಷ್ಟೇ ಬಾಕಿ. ಹೊಗೆ ಇಲ್ಲ, ಬೆಂಕಿ ಇಲ್ಲ, ಮಳೆಗೆ ಮದ್ದು ನೆನೆಯುವ ಭಯ ಇಲ್ಲ. ಆ ಕಾಲದ ಮಾಮೂಲಿ ಬಂದೂಕು ಮಸ್ಕೆಟ್ ಹಿಡಿದವನು ಮದ್ದು ಸುರಿದು, ಉದ್ದ ಸರಳಿನಿಂದ ಜಡಿದು ನಿಮಿಷಕ್ಕೆ ಮೂರು ಗುಂಡು ಹೊಡೆದರೆ ಅದೇ ದೊಡ್ಡದು.

ಈಗ ಪಂಪಿನ ಕಥೆ ಕೇಳಿ. ಒಂದು ಬುಡ್ಡಿ ತುಂಬಲು ಕೈ ಪಂಪಿನಲ್ಲಿ ಸುಮಾರು 1,500 ಸಲ ಒತ್ತಬೇಕು! ಅದರಿಂದ ಸಿಗೋದು 30 ಗುಂಡಿನಷ್ಟು ದಮ್ಮು, ಅದೂ ಒಂದೊಂದು ಏಟಿಗೂ ಇಳಿಯುತ್ತಾ ಹೋಗುತ್ತದೆ. ಒಬ್ಬೊಬ್ಬ ಸಿಪಾಯಿಗೆ ಕೋವಿಯದು ಬಿಟ್ಟು ಇನ್ನೆರಡು ಬುಡ್ಡಿ ಕೊಡುತ್ತಿದ್ದರು. ಸಾವಿರ ಜನರ ದಂಡು ಅಂದುಕೊಳ್ಳಿ. ತಲೆಗೊಂದು ಬುಡ್ಡಿ ತುಂಬಿಸಲಿಕ್ಕೇ 15 ಲಕ್ಷ ಸಲ ಒತ್ತಬೇಕು. ಜತೆಗೆ ಚರ್ಮದ ವಾಷರ್ ಒಣಗಿದರೆ ಸೋರಿಕೆ. ಅಷ್ಟು ಒತ್ತಡ ತಡೆಯುವ ಬುಡ್ಡಿ ಬೆಸೆಯೋದು ಆ ಕಾಲದ ಕಮ್ಮಾರರಿಗೆ ಸಣ್ಣ ಕೆಲಸವಲ್ಲ. 1815ರ ಹೊತ್ತಿಗೆ ಸೈನ್ಯ ಈ ಕೋವಿಯ ಸಹವಾಸವೇ ಬೇಡ ಅಂತ ಬಿಟ್ಟಿತ್ತು.

ಆದರೆ ಅಮೆರಿಕದಲ್ಲಿ ಇದೇ ಕೋವಿ ಹೆಸರು ಮಾಡಿತು. ಅಲ್ಲಿನ ಸೇನಾಧಿಕಾರಿ ಮೆರಿವೆದರ್ ಲೂಯಿಸ್ ಪಶ್ಚಿಮದ ಗೊತ್ತಿಲ್ಲದ ಸೀಮೆ ಶೋಧಿಸಲು ಹೊರಟಾಗ ಒಂದು ಗಾಳಿ ಕೋವಿ ಒಯ್ದಿದ್ದ. ಅದು ಈ ಮಾದರಿಯದೇ ಅಂತ ಈಗಿನ ಹಲವು ಸಂಶೋಧಕರ ಅಭಿಪ್ರಾಯ. ಶುರುವೇ ಎಡವಟ್ಟು. 1803ರ ಆಗಸ್ಟ್ 30, ಹೊರಟ ದಿನವೇ, ಪಿಟ್ಸ್‌ಬರ್ಗ್ ಹತ್ತಿರದ ನಡುಗಡ್ಡೆಯಲ್ಲಿ ಯಾರಿಗೋ ನೋಡಲು ಕೊಟ್ಟ. ಕೋವಿ ಹಾರಿ, ನಲವತ್ತು ಗಜ ದೂರ ನಿಂತಿದ್ದ ಹೆಂಗಸಿನ ಟೋಪಿ ತೂರಿ ಗುಂಡು ಕಣತಲೆ ಸವರಿತು. ಸತ್ತೇ ಹೋದಳು ಅಂದುಕೊಂಡರು. ಪುಣ್ಯಕ್ಕೆ ಒಂದು ನಿಮಿಷದಲ್ಲಿ ಎಚ್ಚರಗೊಂಡಳು. ಇದನ್ನು ಲೂಯಿಸ್ ತಾನೇ ದಿನಚರಿಯಲ್ಲಿ ಬರೆದಿದ್ದಾನೆ. ಮುಂದೆ ದಾರಿಯುದ್ದಕ್ಕೂ ಮೂಲನಿವಾಸಿಗಳ ಮುಂದೆ ಹೊಡೆದು ತೋರಿಸಿದ. ಯುದ್ಧಕ್ಕಲ್ಲ, ಬರೀ ದರ್ಬಾರಿಗೆ.

ಅಲ್ಲಿ ಈ ಕೋವಿ ಕೆಲಸಕ್ಕೆ ಬಂದದ್ದು ಯಾಕೆ? ಕೋವಿ ಒಂದೇ. ತುಂಬಲಿಕ್ಕೆ ಬೇಕಾದಷ್ಟು ಪುರುಸೊತ್ತು. 1805ರ ಜೂನ್‌ನಲ್ಲಿ ಸ್ಪ್ರಿಂಗು ಕೆಟ್ಟಾಗ ಹೊಸದು ಹಾಕಿಕೊಡಲು ಜಾನ್ ಶೀಲ್ಡ್ಸ್ ಅನ್ನೋ ಕಮ್ಮಾರ ಜತೆಯಲ್ಲೇ ಇದ್ದ. ಯುರೋಪಿನ ಕೆಸರಿನಲ್ಲಿ ನಡೆಯುವ ಸೈನ್ಯಕ್ಕೆ ಅಂಥವರನ್ನು ಎಷ್ಟು ಜನ ಅಂತ ಹುಡುಕೋದು?

ನಾನು ಆಗ ವಿಯೆನ್ನಾದಲ್ಲಿ ಲೆಕ್ಕ ನೋಡುವ ಅಧಿಕಾರಿ ಆಗಿದ್ದರೆ ಮಸ್ಕೆಟ್‌ಗೇ ಸಹಿ ಹಾಕುತ್ತಿದ್ದೆ. ಗುಜರಿಗೆ ಹೋಗೋ ಗಾಳಿ ಕೋವಿಗಳಲ್ಲಿ ಒಂದನ್ನು ಸುಮ್ನೆ ಮನೆಗೆ ಸಾಗಿಸುತ್ತಿದ್ದೆ ಕೂಡ, ಅದು ಬೇರೆ ವಿಷಯ.